ಛತ್ರದವನಿಗೆ ಒಪ್ಪಿಸಿದ ಗಾಯಾಳು

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಫೆಬ್ರವರಿ 11ರಂದು ಏರ್ಪಡಿಸಿದ್ದ ರೋಗಿಗಳ ವಿಶ್ವ ದಿನದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಇಂದು ಲೂರ್ದು ಮಾತೆಯ ಹಬ್ಬ. ಈ ದಿನವನ್ನು ರೋಗಿಗಳ ವಿಶ್ವ ದಿನವನ್ನಾಗಿ ಆಚರಿಸಬೇಕೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಗೊತ್ತುಮಾಡಿದರು. 1993ರಿಂದ ಅದು ತಪ್ಪದೆ ನಡೆದುಕೊಂಡು ಬಂದಿದೆ. ಶತಮಾನೋತ್ಸವ ಸಮಿತಿಯವರು ಇಂದು ನನಗೆ ಕೊಟ್ಟಿರುವ ವಿಷಯ ಶುಶ್ರೂಷೆ ಮತ್ತು ಕ್ರೈಸ್ತ ಸೇವೆ. ಈ ವಿಷಯದ ಮೇಲೆ ಉಪದೇಶ ಮಾಡುವುದು ನಮ್ಮಂಥ ಗುರುಗಳಿಗೆ ಕಷ್ಟದ ಕೆಲಸವಲ್ಲ. ಆದರೆ ಇಂದು ಉಪದೇಶವನ್ನು ಬದಿಗಿಟ್ಟು ಒಂದು ವೃತ್ತಾಂತವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ನಮ್ಮ ಮೇಲಿರುವ ಋಣವನ್ನು ನೆನೆಯೋಣ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲಾರಂಭಿಸಿದರು. 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ಅಮೆರಿಕದ ಐಡಾ ಸ್ಕಡರ್ ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲದಿದ್ದರೂ ಪೂಜ್ಯರು. ಅವರು 1909ರಲ್ಲಿ ವೆಲ್ಲೂರಿನಲ್ಲಿ ದಾದಿಯರ ತರಬೇತಿಯನ್ನು ಪ್ರಾರಂಭಿಸಿದರು. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು, ಕನ್ಯಾಸ್ತ್ರೀಯಾಗಿ, ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆಯನ್ನೂ ಸೂಲಗಿತ್ತಿಯ ವಿದ್ಯೆಯನ್ನೂ ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಕ್ಕೆ ತಳಹದಿ ಹಾಕಿದವರೂ ಅವರೇ. ಇವರು ಗುಣಪಡಿಸಿದ ರೋಗಿಗಳಲ್ಲಿ ಹೆಚ್ಚಿನವರು ಇಂದು ಉಳಿದಿಲ್ಲ. ಆದರೆ ಇವರು ಕಲಿಸಿದ ವಿದ್ಯೆ ಒಬ್ಬರಿಂದೊಬ್ಬರಿಗೆ ದಾಟಿ ಇಂದಿಗೂ ಉಳಿದಿದೆ. ಈ ಸಭೆಯಲ್ಲಿ ಕುಳಿತಿರುವ ನಮ್ಮ ನರ್ಸ್‌ಗಳ ಕೈಯಲ್ಲಿಯೂ ಅದರ ಒಂದಂಶ ಇದೆಯೆಂದು ನಾನು ನಂಬಿದ್ದೇನೆ.

ಈ ಋಣವನ್ನು ತೀರಿಸಲು ಹೊರಟವರೊಬ್ಬರ ಕಥೆ ಇದು. ನಮ್ಮ ಧರ್ಮಕೇಂದ್ರದಲ್ಲಿಯೇ ಹುಟ್ಟಿ ಬೆಳೆದ ಒಬ್ಬ ತಾಯಿ ಬೆಂಗಳೂರಿನ ಶುಶ್ರೂಷಾ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಬೋಧಕಿಯಾಗಿದ್ದು ನಿವೃತ್ತರಾದರು. 2017ರಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಸಂಬಳವಿಲ್ಲದ ಸ್ವಯಂಸೇವಕಿಯಾಗಿ ಆಫ್ರಿಕದ ಮಲಾವಿ ದೇಶಕ್ಕೆ ತೆರಳಿ, ಅಲ್ಲಿಯ ಒಂದು ಮಿಷನ್ ಶುಶ್ರೂಷಾ ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿ ಬಂದರು. ಅವರು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆದ್ದರಿಂದ ದಯವಿಟ್ಟು ಯಾರೂ ಹಿಂದಿರುಗಿ ನೋಡಬೇಡಿ.

ಅವರು ಹೊರಡುವ ಮುನ್ನ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. “ಕುವೈತಿಗೋ ಐರ್ಲೆಂಡಿಗೋ ಹೋದರೆ ಲಕ್ಷ ಲಕ್ಷ ಬರುತ್ತದೆ. ಕೈಯಿಂದ ಖರ್ಚು ಮಾಡಿಕೊಂಡು ಮಲೇರಿಯಾ ಇರುವ ಊರಿಗೆ ಯಾರಾದರೂ ಹೋಗುತ್ತಾರೆಯೆ?” ಎಂದು ನೆಂಟರು ಕೇಳಿದರು. ಮಗ ನನ್ನ ಬಳಿ ಬಂದು, “ಸ್ವಾಮಿ, ನೀವಾದರೂ ಅಮ್ಮನಿಗೆ ಬುದ್ಧಿ ಹೇಳಿ” ಎಂದ. ನಾನು ಹೇಳಲಿಲ್ಲ. ಹೇಳದೆ ಇದ್ದುದು ಸರಿಯೋ ತಪ್ಪೋ ಎಂಬ ಸಂಶಯ ಮುಂದೆ ಅವರ ಪತ್ರಗಳನ್ನು ಓದುವಾಗ ನನ್ನನ್ನು ಎಷ್ಟೋ ಸಾರಿ ಕಾಡಿತು.

ಮಲಾವಿ ಸಮುದ್ರ ತೀರವಿಲ್ಲದ, ಆದರೆ ಸಮುದ್ರದಂತೆಯೇ ತೋರುವ ಬೃಹತ್ ಸರೋವರವಿರುವ ದೇಶ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ನ್ಯಾಸಾಲ್ಯಾಂಡ್ ಎಂದು ಹೆಸರಿತ್ತು. 1964ರಲ್ಲಿ ಸ್ವತಂತ್ರವಾಯಿತು. 2018ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1 ಕೋಟಿ 75 ಲಕ್ಷ. ಜನರು ದಿನವೂ ಉಣ್ಣುವುದು ಮೆಕ್ಕೆಜೋಳದ ಹಿಟ್ಟಿನ ‘ನ್ಸಿಮಾ’. ಕೈಯಿಂದ ಮುರಿದು, ಉಂಡೆ ಮಾಡಿ, ಪಲ್ಯದಲ್ಲಿ ಅದ್ದಿ ತಿನ್ನುವ ಆ ಪದಾರ್ಥವನ್ನು ಕಂಡು ಈ ತಾಯಿ, “ಸ್ವಾಮಿ, ಇಲ್ಲಿಯೂ ಮುದ್ದೆಯೇ. ಬಣ್ಣ ಮಾತ್ರ ಬಿಳಿ” ಎಂದು ಬರೆದಿದ್ದರು.

ಆ ದೇಶದಲ್ಲಿ ಕಥೋಲಿಕರೂ ಪ್ರಾಟೆಸ್ಟಂಟರೂ ಕೂಡಿ ನಡೆಸುವ ಕ್ರೈಸ್ತ ಆರೋಗ್ಯ ಸಂಘವೊಂದಿದೆ. ನರ್ಸ್‌ಗಳ ತರಬೇತಿಯ ಹೆಚ್ಚಿನ ಭಾರವನ್ನು ಅದರ ಶಾಲೆಗಳೇ ಹೊತ್ತಿವೆ. ಈ ಶತಮಾನದ ಆರಂಭದಲ್ಲಿ ಒಂದು ಕಡೆ ಏಡ್ಸ್ ರೋಗ, ಇನ್ನೊಂದು ಕಡೆ ಇಂಗ್ಲೆಂಡಿನ ಸಂಬಳದ ಸೆಳೆತ, ಇವೆರಡರ ನಡುವೆ ಅಲ್ಲಿಯ ಆಸ್ಪತ್ರೆಗಳು ಬರಿದಾದವು. 2004ರಲ್ಲಿ ಸರ್ಕಾರವು ಆರು ವರ್ಷಗಳ ತುರ್ತು ಯೋಜನೆಯೊಂದನ್ನು ಕೈಗೊಂಡು, ಆರೋಗ್ಯ ಸಿಬ್ಬಂದಿಯ ಸಂಬಳಕ್ಕೆ ಶೇಕಡ 52ರಷ್ಟು ಸೇರಿಸಿತು. ತರಬೇತಿ ಶಾಲೆಗಳನ್ನು ವಿಸ್ತರಿಸಿತು. ಸ್ಥಳೀಯರು ಸಿದ್ಧರಾಗುವವರೆಗೆ ವೈದ್ಯರನ್ನೂ ಬೋಧಕರನ್ನೂ ಹೊರದೇಶಗಳಿಂದ ಕರೆಸಿಕೊಂಡಿತು. ಇದು ಒಂದೇ ದೇಶದ ಸಂಕಟವೂ ಆಗಿರಲಿಲ್ಲ. ಆರೋಗ್ಯ ಸಿಬ್ಬಂದಿಯ ಕೊರತೆಯಿಂದ ತತ್ತರಿಸುವ ದೇಶಗಳು 57 ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಎಣಿಸಿತು. ಅವುಗಳಲ್ಲಿ 36 ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದವು. 2018ರಲ್ಲಿಯೂ ಜಗತ್ತಿಗೆ 59 ಲಕ್ಷ ನರ್ಸ್‌ಗಳ ಕೊರತೆಯಿತ್ತೆಂದು ಅದೇ ಸಂಸ್ಥೆಯ 2020ರ ವರದಿ ತಿಳಿಸುತ್ತದೆ. ಇಂಥಲ್ಲಿ ಒಬ್ಬ ನರ್ಸ್ ಹೋಗಿ ಕೆಲಸ ಮಾಡಿದರೆ ಒಂದು ವಾರ್ಡಿಗೆ ಉಪಕಾರ. ಒಬ್ಬ ಬೋಧಕಿ ಹೋದರೆ ಅನೇಕ ವಾರ್ಡುಗಳಿಗೆ ಉಪಕಾರ. ಈ ಲೆಕ್ಕಾಚಾರವೇ ಈ ತಾಯಿಯನ್ನು ಅಲ್ಲಿಗೆ ಕರೆದೊಯ್ದದ್ದು.

ಆದರೆ ಲೆಕ್ಕ ಬೇರೆ, ಬದುಕು ಬೇರೆ. ಮೊದಲ ಮೂರು ತಿಂಗಳು ನೋಂದಣಿಯ ಕಾಗದಗಳಿಗಾಗಿ ಕಾಯಬೇಕಾಯಿತು. ಅಲ್ಲಿಯವರೆಗೆ ರೋಗಿಯನ್ನು ಮುಟ್ಟುವಂತಿಲ್ಲ. ಪಾಠದ ಕೋಣೆಯಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ವಾರ್ಡಿಗೆ ಕಾಲಿಟ್ಟೊಡನೆ ಎಲ್ಲವೂ ಚಿಚೇವ ಭಾಷೆಯಲ್ಲಿ. ಮೂವತ್ತು ವರ್ಷ ಮಾತಿನಿಂದಲೇ ಬದುಕಿದವರು ಮೂಕರಂತೆ ನಿಲ್ಲಬೇಕಾಯಿತು. ರಾತ್ರಿ ಪಾಳಿಯಲ್ಲಿ ಅರವತ್ತು ರೋಗಿಗಳಿಗೆ ಇಬ್ಬರು ನರ್ಸ್‌ಗಳು. ಮಂಚದ ಮೇಲೊಬ್ಬರು, ಮಂಚಗಳ ನಡುವೆ ನೆಲದ ಮೇಲೊಬ್ಬರು. ರೋಗಿಗೆ ಗಂಜಿ ಕುಡಿಸುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು ಎಲ್ಲವೂ ಜೊತೆಯಲ್ಲಿ ಬಂದ ನೆಂಟರದೇ ಕೆಲಸ. ಅಂಥವರಿಗೆ ಅಲ್ಲಿ ‘ಗಾರ್ಡಿಯನ್’ ಎಂದು ಹೆಸರು. ಅವರು ತಂಗಲು, ಅಡಿಗೆ ಮಾಡಿಕೊಳ್ಳಲು ಆಸ್ಪತ್ರೆಯ ಅಂಗಳದಲ್ಲಿಯೇ ಒಂದು ಛಾವಣಿ.

ಗಾಯ ಕಟ್ಟುವುದಕ್ಕೆ ಬೇಕಾದ ಶುದ್ಧೀಕರಿಸಿದ ಸಲಕರಣೆಗಳು ಶಾಲೆಯ ಅಭ್ಯಾಸದ ಕೋಣೆಯಲ್ಲಿ ಸಾಲಾಗಿ ಇದ್ದವು. ವಾರ್ಡಿನಲ್ಲಿ ಇದ್ದುದು ಒಂದೇ ಜೊತೆ. ಹೀಗಾಗಿ ವಿದ್ಯಾರ್ಥಿನಿಯರು ಎರಡು ಬಗೆಯ ಶುಶ್ರೂಷೆಯನ್ನು ಕಲಿಯುತ್ತಿದ್ದರು. ಒಂದು ಪರೀಕ್ಷೆಗೆ, ಇನ್ನೊಂದು ರೋಗಿಗೆ. ಈ ತಾಯಿಗೆ ಅದನ್ನು ಕಂಡು ಸಿಟ್ಟು ಬಂತು. ಕಂಡಕಂಡಲ್ಲಿ ತಿದ್ದಿದರು. ವಿದ್ಯಾರ್ಥಿನಿಯರು ವಿನಯದಿಂದ “ಎಸ್ ಮೇಡಂ” ಎನ್ನುತ್ತಿದ್ದರು. ಮರುದಿನ ನೋಡಿದರೆ ಎಲ್ಲವೂ ಮೊದಲಿನಂತೆಯೇ. ‘ಎಸ್’ ಎಂದರೆ ತಿಳಿಯಿತು ಎಂದಲ್ಲ, ಹಿರಿಯರ ಎದುರು ವಾದಿಸುವುದು ಮರ್ಯಾದೆಯಲ್ಲ ಎಂದು ಮಾತ್ರ ಅದರ ಅರ್ಥ. ಇದು ಅವರಿಗೆ ಅರ್ಥವಾಗಲು ಆರು ತಿಂಗಳು ಹಿಡಿಯಿತಂತೆ. ನಮ್ಮ ಹಳ್ಳಿಯ ಶಾಲೆಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಒಂದು ದಿನ, ಕೈ ತೊಳೆಯದೆ ಬಾಣಂತಿಯ ಬಳಿಗೆ ಹೋದ ಹುಡುಗಿಯೊಬ್ಬಳನ್ನು ರೋಗಿಯ ಎದುರಿನಲ್ಲಿಯೇ ಗಟ್ಟಿಯಾಗಿ ಗದರಿಸಿಬಿಟ್ಟರು. ಸುತ್ತಲಿನ ಗಾರ್ಡಿಯನ್‌ಗಳು ನಕ್ಕರು. ಹುಡುಗಿ ಮೂರು ದಿನ ತರಗತಿಗೆ ಬರಲಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅಂದು ಬೆಳಗಿನಿಂದ ನಲ್ಲಿಯಲ್ಲಿ ನೀರೇ ಇರಲಿಲ್ಲ. ಹುಡುಗಿ ಎರಡು ಬಾರಿ ಬಾವಿಯಿಂದ ನೀರು ಹೊತ್ತು ತಂದಿದ್ದಳು, ಅದು ತೀರಿಹೋಗಿತ್ತು. ಇವರು ಇಡೀ ತರಗತಿಯ ಮುಂದೆ ನಿಂತು ಆ ಹುಡುಗಿಗೆ “ಪೆಪಾನಿ” ಎಂದರು. ಕ್ಷಮಿಸು ಎನ್ನುವುದಕ್ಕೂ, ನಿನ್ನ ದುಃಖದಲ್ಲಿ ನಾನೂ ಇದ್ದೇನೆ ಎನ್ನುವುದಕ್ಕೂ ಚಿಚೇವದಲ್ಲಿ ಅದೊಂದೇ ಮಾತಂತೆ. ಆ ದಿನದಿಂದ ವಿದ್ಯಾರ್ಥಿನಿಯರು ಪ್ರಶ್ನೆ ಕೇಳತೊಡಗಿದರು. ಕೈ ತೊಳೆಯುವ ಪಾಠವೂ ಬದಲಾಯಿತು. ತಳದಲ್ಲಿ ನಲ್ಲಿ ಕೂರಿಸಿದ ಬಕೆಟ್ಟೊಂದನ್ನು ವಾರ್ಡಿನ ಬಾಗಿಲಲ್ಲಿಟ್ಟು, ಅದನ್ನು ತುಂಬಿಸುವ ಸರದಿಯನ್ನು ಗೊತ್ತುಮಾಡಿದರು. ಯಾವುದನ್ನು ಎಂದಿಗೂ ಬಿಡಕೂಡದು, ಯಾವುದನ್ನು ಸ್ಥಳಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು ಎಂಬ ವಿವೇಕವನ್ನು ಕಲಿಸುವುದೇ ಬೋಧಕಿಯ ನಿಜವಾದ ಕೆಲಸವೆಂದು ಅಲ್ಲಿ ಕಂಡುಕೊಂಡರು.

ಇನ್ನೊಂದು ಪ್ರಸಂಗ. ಹೆರಿಗೆ ಮುಂದುವರಿಯುವ ಬಗೆಯನ್ನು ಗೆರೆ ಎಳೆದು ತೋರಿಸುವ ‘ಪಾರ್ಟೋಗ್ರಾಫ್’ ಎಂಬ ಪಟವೊಂದಿದೆ. ನಮ್ಮ ನರ್ಸ್‌ಗಳೆಲ್ಲರೂ ಅದನ್ನು ಬಲ್ಲರು. ಇವರು ಅದನ್ನು ಬಹು ಉತ್ಸಾಹದಿಂದ ಬೋಧಿಸುತ್ತಿದ್ದಾಗ, ಅಲ್ಲಿಯ ಹಿರಿಯ ಬೋಧಕರೊಬ್ಬರು ಪಾಠ ಮುಗಿದ ಮೇಲೆ ಮೆಲ್ಲಗೆ ಹೇಳಿದರು: “ಮೇಡಂ, ಆ ಪಟದ ಎರಡು ಎಚ್ಚರಿಕೆಯ ಗೆರೆಗಳು ನಮ್ಮ ನೆರೆಯಲ್ಲಿಯೇ ಹುಟ್ಟಿದವು.” ಅದು ನಿಜ. ಈಗಿನ ಹರಾರೆ ನಗರಕ್ಕೆ ಸಾಲ್ಸ್‌ಬರಿ ಎಂಬ ಹೆಸರಿದ್ದ ಕಾಲದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಆ ಗೆರೆಗಳನ್ನು ಎಳೆದು 1972ರಲ್ಲಿ ಪ್ರಕಟಿಸಿದರು. ದೂರದ ಹಳ್ಳಿಯ ಸೂಲಗಿತ್ತಿ ಗರ್ಭಿಣಿಯನ್ನು ಯಾವ ಹೊತ್ತಿಗೆ ದೊಡ್ಡಾಸ್ಪತ್ರೆಗೆ ಕಳುಹಿಸಬೇಕೆಂದು ತಿಳಿಯಲಿ ಎಂಬುದೇ ಅವರ ಉದ್ದೇಶ. ಮೊದಲ ಗೆರೆ ದಾಟಿದರೆ ಎಚ್ಚರ. ನಾಲ್ಕು ಗಂಟೆಗಳ ಅಂತರದ ಎರಡನೆಯ ಗೆರೆ ಮುಟ್ಟಿದರೆ ಕಾರ್ಯ. “ಮೂವತ್ತು ವರ್ಷ ಬೆಂಗಳೂರಿನಲ್ಲಿ ಕಲಿಸಿದ ಪಾಠವನ್ನು ಅದರ ತವರಿಗೆ ಹೊತ್ತುಕೊಂಡು ಬಂದು, ನಾನು ಕೊಡುತ್ತಿದ್ದೇನೆ ಎಂದು ಬೀಗಿದೆನಲ್ಲಾ ಸ್ವಾಮಿ” ಎಂದು ಪತ್ರದಲ್ಲಿ ತಮ್ಮನ್ನೇ ಹಾಸ್ಯ ಮಾಡಿಕೊಂಡಿದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಆ ರಾತ್ರಿಯ ಸಂಗತಿಗೆ ಬರುತ್ತೇನೆ. ಒಂದು ಮಗು ಹುಟ್ಟಿತು, ಅಳಲಿಲ್ಲ. ನವಜಾತ ಶಿಶುವಿಗೆ ಮೊದಲ ಒಂದು ನಿಮಿಷ ಬಂಗಾರದ ನಿಮಿಷ. ಒರೆಸಿ, ಬೆಚ್ಚಗೆ ಮಾಡಿ, ಬೆನ್ನು ಉಜ್ಜಿದರೂ ಉಸಿರಾಡದಿದ್ದರೆ ಆ ನಿಮಿಷದೊಳಗೆ ಆಂಬು ಬ್ಯಾಗ್ ಒತ್ತಿ ಗಾಳಿ ಕೊಡಲು ಆರಂಭಿಸಬೇಕು. ಬ್ಯಾಗ್ ವಿದ್ಯಾರ್ಥಿನಿಯ ಕೈಯಲ್ಲಿತ್ತು. ಅವಳ ಕೈ ನಡುಗುತ್ತಿತ್ತು. ಕರೆಂಟು ಹೋಗಿ, ಯಾರೋ ಟಾರ್ಚ್ ಹಿಡಿದಿದ್ದರು. ಈ ತಾಯಿ ಹುಡುಗಿಯನ್ನು ಪಕ್ಕಕ್ಕೆ ಸರಿಸಿ, ಬ್ಯಾಗನ್ನು ಕಿತ್ತುಕೊಂಡು ತಾವೇ ಒತ್ತಿದರು. ಮಗು ಅತ್ತಿತು. ತಾಯಿಯ ಗಾರ್ಡಿಯನ್ ಆಗಿ ಬಂದಿದ್ದ ಅಜ್ಜಿ ಇವರ ಎರಡೂ ಕೈ ಹಿಡಿದು “ಝಿಕೊಮೊ, ಝಿಕೊಮೊ” ಎಂದು ಕೃತಜ್ಞತೆ ಹೇಳಿದಳು. ಆ ಸಂತೋಷದಲ್ಲಿ ಇವರಿಗೆ ಬೆಳಗಿನವರೆಗೆ ನಿದ್ರೆ ಬರಲಿಲ್ಲ.

ಮರುದಿನ ಅದೇ ಹಿರಿಯ ಬೋಧಕರು ಚಹಾದ ಹೊತ್ತಿಗೆ ಕೇಳಿದರು: “ಮೇಡಂ, ಮಗು ಬದುಕಿತು. ದೇವರಿಗೆ ಸ್ತೋತ್ರ. ಆದರೆ ಮುಂದಿನ ವರ್ಷ ನೀವು ನಿಮ್ಮ ದೇಶಕ್ಕೆ ಹೋದ ಮೇಲೆ, ಇಂಥದೇ ರಾತ್ರಿ ಆ ಬ್ಯಾಗನ್ನು ಹಿಡಿಯುವ ಕೈ ಯಾರದು?”

ಪ್ರಿಯ ಬಾಂಧವರೇ, ಈ ಪ್ರಶ್ನೆಯನ್ನು ಪತ್ರದಲ್ಲಿ ಓದಿದಾಗ ನನಗೆ ಒಳ್ಳೆಯ ಸಮಾರಿಯನ ಸಾಮತಿ ನೆನಪಿಗೆ ಬಂತು. ಅದನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೇನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದನ್ನು ಹೇಳಿದ್ದೇನೆ. ತನ್ನ ಸವಾರಿಯ ಮೇಲೆ ಕೂರಿಸಿಕೊಂಡು ಹೋದದ್ದನ್ನು ಹೇಳಿದ್ದೇನೆ. ಆದರೆ ಛತ್ರದವನ ವಿಷಯ ಎಂದೂ ಹೇಳಿದವನಲ್ಲ. ಸಮಾರಿಯದವನು ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿ, ಖರ್ಚಿಗೆ ಹಣ ಕೊಟ್ಟು, ಹೆಚ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆಂದು ಹೇಳಿ ತನ್ನ ದಾರಿ ಹಿಡಿದ. ಅವನ ದಯೆ ಎಷ್ಟು ದೊಡ್ಡದೋ, ಒಪ್ಪಿಸಿ ಹೋದ ಅವನ ವಿಶ್ವಾಸವೂ ಅಷ್ಟೇ ದೊಡ್ಡದು. ಗಾಯಾಳು ಎದ್ದು ನಡೆದದ್ದು ಬಹುಶಃ ಹೆಸರಿಲ್ಲದ ಆ ಛತ್ರದವನ ಕೈಯಲ್ಲಿ. ಹೊರಗಿನಿಂದ ಬಂದವನು ಒಂದು ರಾತ್ರಿಯವನು. ಊರಿನಲ್ಲಿ ಉಳಿಯುವವನು ಛತ್ರದವನು.

ಅಂದಿನಿಂದ ಈ ತಾಯಿ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಅಭ್ಯಾಸ ಮಾಡಿದರು. ಮಗುವಿಗೆ ಅಪಾಯ ಬಂದರೆ ಕೈ ಹಾಕಲು ಸಿದ್ಧರಾಗಿ, ಆದರೆ ಅದಕ್ಕೆ ಮೊದಲಲ್ಲ. ಮೂವತ್ತು ವರ್ಷಗಳ ಅನುಭವಿಗೆ ಅದಕ್ಕಿಂತ ಕಷ್ಟವಾದ ತಪಸ್ಸು ಬೇರೊಂದಿಲ್ಲವೆಂದು ಬರೆದರು. ಸಂಜೆ ಸಂಜೆ ಬೊಂಬೆಯ ಮೇಲೆ ಅಭ್ಯಾಸ ಮಾಡಿಸಿದರು, ದೀಪವಾರಿಸಿಯೂ ಮಾಡಿಸಿದರು. ಕೆಲವು ತಿಂಗಳ ಬಳಿಕ ಕೈ ನಡುಗಿದ ಅದೇ ಹುಡುಗಿ ಇನ್ನೊಂದು ಶಿಶುವಿಗೆ ಉಸಿರು ತರಿಸಿದಳು. ಇವರು ಗೋಡೆಗೊರಗಿ ನಿಂತಿದ್ದರು. ಅಜ್ಜಿಯ ಕೃತಜ್ಞತೆ ಈ ಸಲ ಹುಡುಗಿಗೆ ಸಂದಿತು, ಇವರ ಕಡೆ ಯಾರೂ ನೋಡಲಿಲ್ಲ. ತಮ್ಮ ಎರಡು ವರ್ಷಗಳಲ್ಲಿ ಅದೇ ಅತ್ಯಂತ ಸುಖದ ದಿನ ಎಂದರು. ಎಲ್ಲ ರಾತ್ರಿಗಳೂ ಹಾಗೆ ಮುಗಿಯಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ಎಲ್ಲವನ್ನೂ ಸರಿಯಾಗಿ ಮಾಡಿಯೂ ಕಳೆದುಕೊಂಡ ಮಕ್ಕಳಿದ್ದರು. ಅಂಥ ಬೆಳಗಿನಲ್ಲಿ ಪಾಠ ಮಾಡಲಾಗದೆ ವಿದ್ಯಾರ್ಥಿನಿಯರೊಡನೆ ಸುಮ್ಮನೆ ಕುಳಿತದ್ದೂ ಉಂಟು.

ಕಹಿಯಾದ ಸತ್ಯಗಳು ಇನ್ನೂ ಇವೆ. ಸ್ವಯಂಸೇವಕಿಯೆಂದು ಇವರಿಗೆ ನೀರಿನ ತೊಟ್ಟಿಯಿರುವ ಮನೆ ಕೊಟ್ಟಿದ್ದರು. ಪಕ್ಕದಲ್ಲಿಯೇ ಇದ್ದ ಸ್ಥಳೀಯ ಬೋಧಕಿ ಅದೇ ಪಾಠ ಹೇಳಿ, ಬಿಂದಿಗೆಯಲ್ಲಿ ನೀರು ಹೊರುತ್ತಿದ್ದಳು. ಸಂಬಳ ಕೇಳದ ವಿದೇಶಿಯೊಬ್ಬಳು ಬಂದರೆ, ಸಂಬಳ ಕೊಟ್ಟು ಸ್ಥಳೀಯರನ್ನು ನೇಮಿಸುವ ಅಗತ್ಯ ಆಡಳಿತದವರಿಗೆ ತೋರದೆ ಹೋಗಬಹುದೆಂಬ ಸಂಶಯವೂ ಇವರನ್ನು ಚುಚ್ಚಿತು. ಎಲ್ಲಕ್ಕಿಂತ ದೊಡ್ಡ ನೋವು ಊರಿಗೆ ಮರಳಿದ ಮೇಲೆ ಬಂತು. ತರಬೇತಿ ಮುಗಿಸಿ ಪರೀಕ್ಷೆ ಪಾಸಾದ ಹುಡುಗಿಯರಲ್ಲಿ ಕೆಲವರಿಗೆ ಬಹುಕಾಲ ಕೆಲಸವೇ ಸಿಗಲಿಲ್ಲ. ವಾರ್ಡುಗಳಲ್ಲಿ ಹುದ್ದೆ ಖಾಲಿ, ಮನೆಗಳಲ್ಲಿ ನರ್ಸ್‌ಗಳು ಖಾಲಿ, ನಡುವೆ ಸಂಬಳಕ್ಕೆ ಸರ್ಕಾರದಲ್ಲಿ ಹಣವಿಲ್ಲ. “ನಾನು ಕಲಿಸಿದ್ದು ವ್ಯರ್ಥವಾಯಿತೆ ಸ್ವಾಮಿ?” ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಿತ್ತುವವನ ಕೆಲಸ ಬಿತ್ತುವುದು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಹಸಿದವರಿಗೆ ಸಾಮತಿ ಹೇಳಿ ಕಳುಹಿಸುವುದು ಗುರುವಿನ ಧರ್ಮವಲ್ಲ. ಬೋಧಕರ ಸೇವೆಯೊಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ, ನ್ಯಾಯವಾದ ವೇತನ, ಹುದ್ದೆ, ಔಷಧಿ ಇವೂ ಜೊತೆಗೆ ಬರಬೇಕು ಎಂಬ ಮಾತನ್ನು ನಾವು ಒಪ್ಪಿಕೊಳ್ಳಲೇಬೇಕು. ಬಡ ದೇಶಗಳ ನರ್ಸ್‌ಗಳನ್ನು ಶ್ರೀಮಂತ ದೇಶಗಳು ಸೆಳೆದುಕೊಳ್ಳುವ ರೀತಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನೀತಿಸಂಹಿತೆಯೊಂದನ್ನು ರೂಪಿಸಿದ್ದೂ ಈ ಕಾರಣದಿಂದಲೇ.

ಈ ಸಭೆಯಲ್ಲಿರುವ ಯುವತಿ ಯುವಕರಲ್ಲಿ ಯಾರಿಗಾದರೂ ಇಂಥ ಸೇವೆಗೆ ಹೋಗುವ ಮನಸ್ಸಿದ್ದರೆ, ಈ ತಾಯಿಯ ಅನುಭವದಿಂದ ಆಯ್ದ ಕೆಲವು ಮಾತುಗಳನ್ನು ಕೇಳಿ. ಕರೆಯದೆ ಹೋಗಬೇಡಿ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಬೋಧಕರಾಗಿ ಹೋಗಬೇಡಿ, ಏಕೆಂದರೆ ಮೊದಲ ಆರು ತಿಂಗಳು ನೀವೇ ವಿದ್ಯಾರ್ಥಿಗಳು. ಹೊರಡುವ ಮುನ್ನವೇ ಅಲ್ಲಿಯ ಭಾಷೆಯ ನೂರು ಮಾತುಗಳನ್ನಾದರೂ ಕಲಿಯಿರಿ. ‘ಎಲ್ಲಿ ನೋವು’ ಎಂಬುದು ಅವುಗಳಲ್ಲಿ ಮೊದಲನೆಯದಾಗಿರಲಿ. ನಿಮ್ಮ ಜೊತೆಯಲ್ಲಿ ಪಾಠ ಹೇಳುವ ಸ್ಥಳೀಯ ಬೋಧಕರೊಬ್ಬರನ್ನು ಮೊದಲ ದಿನವೇ ಕೇಳಿ ಪಡೆಯಿರಿ, ನೀವು ಬಿಟ್ಟುಬರುವ ಪಾಠವನ್ನು ಮುಂದುವರಿಸುವವರು ಅವರೇ. ಲಸಿಕೆಯನ್ನೂ ಮಲೇರಿಯಾ ಮಾತ್ರೆಯನ್ನೂ ಅಸಡ್ಡೆ ಮಾಡಬೇಡಿ. ದೇವರ ಮೇಲಿನ ಭರವಸೆ ಸೊಳ್ಳೆಪರದೆಯನ್ನು ಬೇಡವೆನ್ನುವುದಿಲ್ಲ. ರೋಗಿಗಳ ಚಿತ್ರಗಳನ್ನು ಊರಿಗೆ ತಂದು ಪ್ರದರ್ಶಿಸಬೇಡಿ.

ಕೊನೆಯದಾಗಿ ಶತಮಾನೋತ್ಸವ ಸಮಿತಿಗೆ ನನ್ನದೊಂದು ವಿನಂತಿ. ಹಬ್ಬದ ನೆನಪಿಗೆ ಮಹಾದ್ವಾರ ಕಟ್ಟಿಸುವ ಆಲೋಚನೆ ನಡೆದಿದೆ, ಸಂತೋಷ. ಆದರೆ ಕೂಡಿದ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ನಮ್ಮ ಬಡ ಕುಟುಂಬಗಳ ಇಬ್ಬರು ಹೆಣ್ಣುಮಕ್ಕಳನ್ನು ಶುಶ್ರೂಷಾ ಬೋಧಕಿಯರಾಗುವಷ್ಟು ಓದಿಸೋಣ. ಅವರು ಮಲಾವಿಗೇ ಹೋಗಲಿ, ರಾಯಚೂರಿಗೇ ಹೋಗಲಿ, ಕಲಿಸುವ ಕೈಗಳಾಗಿ ಹೋಗಲಿ. ನೂರು ವರ್ಷಗಳ ಹಿಂದೆ ಯಾರ ಯಾರೋ ನಮ್ಮನ್ನು ಛತ್ರದವರೆಂದು ನಂಬಿ, ನಮ್ಮ ರೋಗಿಗಳನ್ನು ನಮಗೇ ಒಪ್ಪಿಸಿ ಹೋದರು. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಈ ಶತಮಾನೋತ್ಸವದ ಹೊಣೆ.

ಆ ತಾಯಿಗೆ ಈಗಲೂ ಅಲ್ಲಿಂದ ಸಂದೇಶಗಳು ಬರುತ್ತವೆ. ಅಂದು ಕೈ ನಡುಗಿದ ಹುಡುಗಿ ಬಹುದಿನ ಕಾದ ಮೇಲೆ ಸರೋವರದ ದಂಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕಳೆದ ಕ್ರಿಸ್ತಜಯಂತಿಗೆ ಬಂದ ಸಂದೇಶದಲ್ಲಿ ಶುಭಾಶಯದ ಕೆಳಗೆ ಒಂದು ಸಾಲು ಇತ್ತು: ಈ ವರ್ಷ ತನ್ನ ಬಳಿಗೆ ಕಲಿಯಲು ಇಬ್ಬರು ವಿದ್ಯಾರ್ಥಿನಿಯರನ್ನು ಕಳುಹಿಸಿದ್ದಾರೆ, ತಾನು ಈಗ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯುತ್ತಿದ್ದೇನೆ, ಎಂದು.

ಲೂರ್ದು ಮಾತೆಯ ಬಿನ್ನಹಗಳ ಮೂಲಕ ದೇವರು ನಮ್ಮ ರೋಗಿಗಳನ್ನೂ, ಅವರನ್ನು ನೋಡಿಕೊಳ್ಳುವವರನ್ನೂ, ನೋಡಿಕೊಳ್ಳುವುದನ್ನು ಕಲಿಸುವವರನ್ನೂ ಹರಸಲಿ.